ಹಳೇ ಮಾರುತಿ ಎಮಿಷನ್ ಟೆಸ್ಟ್ ಪಾಸಾಗಬೇಕಾದರೆ

ಪ್ರಶ್ನೆ: ನನ್ನದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ಎಮಿಷನ್ ಟೆಸ್ಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ 4.6% ಬಂದು ಫೇಲ್ ಆಯಿತು. ಇಂಜಿನ್ ಬಿಚ್ಚಿಸಬೇಕಾ ಸರ್?
– ಓದುಗರು, ಮಲ್ಪೆ

ಉತ್ತರ: ಬೇಡವೇ ಬೇಡ! ಆ ಕಾಲದ ಗಾಡಿಗೆ ಮಿತಿ 3%. ಜಾಸ್ತಿ ಬಂತು ಅಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ ಹೋಗುತ್ತಿದೆ ಅಂತ ಅರ್ಥ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಚೋಕ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆಯುತ್ತದಾ ನೋಡಿ, ನಮ್ಮ ಕಡಲ ಗಾಳಿಗೆ ಅದರ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಂತಿರಬಹುದು. ಆಮೇಲೆ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕ್ಲೀನ್ ಮಾಡಿಸಿ. ಅದರ ಮಿಶ್ರಣ ಹೊಂದಿಸುವ ಸ್ಕ್ರೂವನ್ನು ಸುಮ್ನೆ ಅಂದಾಜಿಗೆ ತಿರುಗಿಸದೆ ಹೊಗೆ ಅಳೆಯುವ ಮೀಟರ್ ನೋಡಿಕೊಂಡೇ ಹೊಂದಿಸುವ ಮೆಕ್ಯಾನಿಕ್‌ ಬೇಕು. ಹೈಡ್ರೋಕಾರ್ಬನ್ನೂ (ಉರಿಯದೆ ಹೊರಬರುವ ಪೆಟ್ರೋಲ್) ಹೆಚ್ಚಿದ್ದರೆ ಸ್ಪಾರ್ಕ್ ಪ್ಲಗ್, ಅದರ ವಯರ್ ನೋಡಿಸಿ. ತಣ್ಣಗಿನ ಇಂಜಿನ್ ಮಾತ್ರ ಟೆಸ್ಟಿಗೆ ಒಯ್ಯಬೇಡಿ. ಮಣಿಪಾಲದ ಏರು ಹತ್ತಿಸಿ, ಬಿಸಿ ಇರುವಾಗಲೇ ಮಾಡಿಸಿ. ಸರ್ಟಿಫಿಕೇಟ್ ಸಿಕ್ಕಿದರೂ ಆರು ತಿಂಗಳಿಗಷ್ಟೇ, ತಾರೀಕು ಬರೆದಿಟ್ಟುಕೊಳ್ಳಿ.