ಯುಎನ್ ಮಿಷನ್‌ಗೆ ಹೊರಟಾಗ ಮೊದಲ ಪ್ರಯಾಣ ಹೇಗಿರುತ್ತೆ?

ನಿಮ್ಮ ಯಜಮಾನರು ಯುಎನ್ ಶಾಂತಿಪಾಲನಾ ಪಡೆಯಲ್ಲಿ ಸೌತ್ ಸುಡಾನ್‌ಗೆ ಹೊರಟಿದ್ದಾರೆ, ಪ್ರಯಾಣ ಹೇಗಿರುತ್ತೆ, ಹಾವೇರಿಯಿಂದ ಏನು ಕಟ್ಟಿ ಕಳಿಸಲಿ ಅಂತ ಕೇಳಿದ್ದೀರಿ. ನಾನು ಹೋಗಿದ್ದು ಕಾಂಗೋಗೆ, 2015ರಲ್ಲಿ. ಈಗ ರಿಟೈರ್ ಆಗಿ ನವಲಗುಂದದ ಹತ್ತಿರ ಹೊಲ ನೋಡಿಕೊಂಡಿದ್ದೇನೆ. ದೇಶ ಬೇರೆಯಾದರೂ ಹೊರಡುವ ಪಾಡು ಹೆಚ್ಚುಕಮ್ಮಿ ಒಂದೇ.

ವಿಮಾನದ ಹಾದಿ ದೊಡ್ಡದಲ್ಲ ಬಿಡಿ, ಕಾಯುವುದೇ ದೊಡ್ಡದು. ದಿಲ್ಲಿಯಲ್ಲಿ ಟ್ರೇನಿಂಗ್, ಇಂಜೆಕ್ಷನ್, ಸಾಮಾನು ತೂಕ ಹಾಕಿಸುವುದು, ಕಾಗದಪತ್ರ ಅಂತ ದಿನ ಹೋಗುತ್ತವೆ. ನಮ್ಮ ಫ್ಲೈಟ್ ಎರಡು ಸಲ ಮುಂದಕ್ಕೆ ಹೋಯಿತು. ಪ್ರತಿ ಸಲ ಅವ್ವನಿಗೆ ಫೋನ್ ಮಾಡಿ ಹೋಗಿ ಬರ್ತೀನಿ ಅಂದೆ. ಮೂರನೇ ಸಲ ಆಕೆ, "ಮೊದಲ ಹೋಗಿ ಮುಟ್ಟು, ಆಮ್ಯಾಲೆ ಹೇಳು" ಅಂದಳು!

ಯೆಲ್ಲೋ ಫೀವರ್ ಲಸಿಕೆಯ ಹಳದಿ ಕಾರ್ಡು ಮಾತ್ರ ಜೋಪಾನ. ಲಸಿಕೆ ಹಾಕಿಸಿ 10 ದಿನ ಆದ ಮೇಲೇ ಅದು ಲೆಕ್ಕಕ್ಕೆ ಬರುತ್ತೆ. ವಾಪಸ್ ಬರುವಾಗ ಕಾರ್ಡು ಇಲ್ಲದಿದ್ದರೆ ನಮ್ಮ ದೇಶದಲ್ಲೇ 6 ದಿನ ಕ್ವಾರಂಟೈನ್.

ದಿಲ್ಲಿಯಿಂದ ಚಾರ್ಟರ್ ವಿಮಾನದಲ್ಲಿ ಉಗಾಂಡದ ಎಂಟೆಬೆಗೆ ಏಳೆಂಟು ತಾಸು. ಹತ್ತಿದ ಹೊಸದರಲ್ಲಿ ಭಾರಿ ಗದ್ದಲ, ನೀಲಿ ಟೋಪಿ ಹಾಕಿಕೊಂಡು ಫೋಟೋ, ಆಮೇಲೆ ಒಬ್ಬೊಬ್ಬರೇ ಸುಮ್ನಾದರು. ಎಂಟೆಬೆಯಿಂದ ಸಣ್ಣ ವಿಮಾನದಲ್ಲಿ ಕಾಂಗೋದ ಗೋಮಾ ಊರಿಗೆ. ಇಳಿಯುವಾಗ ಕೆಳಗೆ ನೋಡಿದರೆ ನೆಲ ಕರ್‍ರಗಿದೆ. ಅರೆ, ನಮ್ಮ ಎರಿ ಹೊಲದ ಹಾಗೇ ಇದೆಯಲ್ಲಾ ಅಂದುಕೊಂಡೆ. ಇಳಿದು ಬೂಟು ಊರಿದರೆ ಕಲ್ಲು, ಚೂಪು ಚೂಪು. ಪಕ್ಕದ ನೈರಾಗೊಂಗೊ ಜ್ವಾಲಾಮುಖಿ 2002ರಲ್ಲಿ ಉಕ್ಕಿ, ಲಾವಾ ಊರೊಳಗೇ ಹರಿದು, ರನ್‌ವೇಯ ಒಂದು ತುದಿಯನ್ನೂ ಮುಚ್ಚಿತ್ತು.

ಇನ್ನು ಕಟ್ಟಿ ಕಳಿಸುವ ವಿಷಯ. ನನ್ನ ಹೆಂಡತಿ ಕಟಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಇಟ್ಟಿದ್ದಳು. ಗೋಮಾದಲ್ಲಿ ಬಿಚ್ಚಿದರೆ ಒಂದೂ ಇಡೀ ಇಲ್ಲ, ಬರೀ ಚೂರು. ಅಗಸಿ ಚಟ್ನಿಯ ಪೊಟ್ಟಣವೂ ಒಡೆದು ಬನಿಯನ್‌ಗಳಿಗೆಲ್ಲ ಹತ್ತಿತ್ತು. ಮೂರು ಜನ ಚಮಚದಲ್ಲಿ ತಿಂದೆವು, ಅದರಲ್ಲಿ ಒಬ್ಬ ಪಂಜಾಬಿ, ಇದೇನು ಅಂತ ಕೇಳದೆ ಎರಡನೇ ಸಲವೂ ಹಾಕಿಸಿಕೊಂಡ. ನೀವು ಸ್ಟೀಲ್ ಡಬ್ಬಿಯಲ್ಲಿಡಿ. ಚಟ್ನಿಪುಡಿ ಜಾಸ್ತಿ ಹಾಕಿ, ರೊಟ್ಟಿ ಕಡಿಮೆ. ಪೇಡೆ ಹೇಗೂ ದಿಲ್ಲಿ ದಾಟಲ್ಲ, ಗೆಳೆಯರು ಬಿಡಬೇಕಲ್ಲ!

ಮುಖ್ಯ ಮಾತು ಒಂದಿದೆ. ಹೊರಟ ಮೇಲೆ ಎರಡು ಮೂರು ದಿನ ಫೋನ್ ಬರದೇ ಇರಬಹುದು. ಸಿಮ್ ಸಿಗಬೇಕು, ನೆಟ್‌ವರ್ಕ್ ಸಿಗಬೇಕು, ಬಿಡುವೂ ಆಗಬೇಕು. ನನಗೆ ಮೂರನೇ ದಿನ ಲೈನ್ ಸಿಕ್ಕಿತು. ಅವ್ವ ಹೇಗಿದ್ದೀಯಾ ಅಂತಲೂ ಕೇಳಲಿಲ್ಲ, "ಅಲ್ಲೆ ಮಳಿ ಐತೇನು?" ಅಂದಳು. ಐತಿ, ನೆಲಾನೂ ನಮ್ಮಂಗ ಕರೇದೈತಿ ಅಂದೆ. "ಹಂಗಾರ ಜ್ವಾಳ ಬಿತ್ತತಾರೇನು?" ಅಂತ ಕೇಳಿದಳು, ಅಷ್ಟರಲ್ಲಿ ಲೈನ್ ಕಟ್.

ಹಾಂ, ಸೌತ್ ಸುಡಾನ್ ನಮಗಿಂತ ಮೂರೂವರೆ ತಾಸು ಹಿಂದೆ. ಅವರ ಊಟದ ಹೊತ್ತಿಗೆ ನಿಮಗೆ ನಡುರಾತ್ರಿ ಆಗಿರುತ್ತೆ, ಫೋನ್ ಸೈಲೆಂಟ್‌ಗೆ ಹಾಕಬೇಡಿ.