ಆಲೂರಿನ ಲೇಖಕಿಗೆ, ಹಿಂದಿ ನಟಿ ಮಧುಬಾಲಾ ಬಗ್ಗೆ

ನಮಸ್ಕಾರ. ನಿಮ್ಮ ‘ಸೌಂದರ್ಯದ ಗಣಿ: ಬಾಲನಟಿಯಿಂದ ನಿರ್ಮಾಪಕಿಯವರೆಗೆ’ ಲೇಖನ ಹಾಸನದ ನಮ್ಮ ಕಚೇರಿಗೆ ತಲುಪಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಅರ್ಧ ಕಾರಣ ನನ್ನ ಸೋಮಾರಿತನ, ಇನ್ನರ್ಧ ನಿಮ್ಮ ನುಡಿ ಫಾಂಟು. ನಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಮುಂದಿನ ಸಲ ಯುನಿಕೋಡಿನಲ್ಲೇ ಕಳಿಸಿ.

ಈಗಿರುವ ರೂಪದಲ್ಲಿ ಇದನ್ನು ಪುರವಣಿಗೆ ತೆಗೆದುಕೊಳ್ಳಲಾರೆ. ಹಾಗಂತ ವಾಪಸು ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಆರನೇ ಪುಟದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಹಿ. ಏಳು ಪುಟದಲ್ಲಿ ‘ಅಪ್ರತಿಮ ಸುಂದರಿ’ 14 ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಮಧುಬಾಲಾ ಚೆಲುವೆ ಎಂದು ನಮ್ಮ ಓದುಗರಿಗೆ ನೀವೂ ಹೇಳಬೇಕಿಲ್ಲ, ನಾನೂ ಹೇಳಬೇಕಿಲ್ಲ. ಇನ್ನು ‘ಕರೆಯಲ್ಪಟ್ಟರು’, ‘ಗುರುತಿಸಲ್ಪಟ್ಟರು’, ‘ಆರಾಧಿಸಲ್ಪಟ್ಟರು’. ಈ ಲ್ಪಟ್ಟರುಗಳು ಆಲೂರು ಸಂತೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಲೇಖನದ ಜೊತೆ ಇಟ್ಟ ಪತ್ರದಲ್ಲೂ ಒಂದೂ ಇಲ್ಲ. ಆ ಪತ್ರ ನೀವು ಬರೆದದ್ದು. ಲೇಖನದ ಮೊದಲ ನಾಲ್ಕು ಪುಟ ಎಲ್ಲಿಂದಲೋ ಇಳಿಸಿಕೊಂಡದ್ದು. ಬೇಜಾರು ಮಾಡಿಕೊಳ್ಳಬೇಡಿ, ಮೂವತ್ತು ವರ್ಷ ಕರಡು ತಿದ್ದಿದವನಿಗೆ ಇಷ್ಟು ಗೊತ್ತಾಗುತ್ತದೆ.

ಆ ನಾಲ್ಕು ಪುಟಗಳಲ್ಲಿ ಮೂರು ದಿಲೀಪ್ ಕುಮಾರ್ ಪ್ರೇಮಪ್ರಕರಣಕ್ಕೇ ಹೋಗಿವೆ. ಇಬ್ಬರ ನಡುವಿನ ಮಾತುಕತೆಯನ್ನು ಉದ್ಧರಣ ಚಿಹ್ನೆ ಹಾಕಿ ಬರೆದಿದ್ದೀರಿ. ಆ ಕೋಣೆಯಲ್ಲಿ ನೀವಿರಲಿಲ್ಲ, ನಾನೂ ಇರಲಿಲ್ಲ. ಬದುಕಿ ಬಾಳಿದವರ ಬಾಯಿಗೆ ನಮ್ಮ ಮಾತು ತುರುಕಬಾರದು. ‘ನಯಾ ದೌರ್’ ಚಿತ್ರದ ಕೋರ್ಟು ಮೊಕದ್ದಮೆಯನ್ನೂ ಪ್ರೇಮಭಂಗದ ಕತೆ ಮಾಡಿಬಿಟ್ಟಿದ್ದೀರಿ. ಅದು ಶುರುವಾದದ್ದು ಕರಾರಿನ ಜಗಳವಾಗಿ. ಭೋಪಾಲದ ಕಡೆ ಹೊರಾಂಗಣ ಚಿತ್ರೀಕರಣಕ್ಕೆ ಮಗಳನ್ನು ಕಳಿಸುವುದಿಲ್ಲ ಎಂದರು ತಂದೆ ಅತಾವುಲ್ಲಾ ಖಾನ್. ನಿರ್ದೇಶಕ ಬಿ.ಆರ್. ಚೋಪ್ರಾ ಆ ಜಾಗಕ್ಕೆ ವೈಜಯಂತಿಮಾಲಾ ಅವರನ್ನು ಹಾಕಿಕೊಂಡರು, ವ್ಯಾಜ್ಯ ಕೋರ್ಟು ಹತ್ತಿತು. ಮಗಳ ಕೆಲಸಕ್ಕೆ ಹೂಂ, ಉಹುಂ ಹೇಳುತ್ತಿದ್ದವರು ಯಾರು ಎಂದು ಅಲ್ಲೇ ಕಾಣುತ್ತದೆ. ನೀವು ಅದನ್ನು ದಾಟಿಕೊಂಡು ಕಣ್ಣೀರಿನ ಕಡೆ ಓಡಿದ್ದೀರಿ.

ಒಂದು ತಪ್ಪು ತಿದ್ದಿಕೊಳ್ಳಿ. ತೀರಿಕೊಂಡಾಗ ಮಧುಬಾಲಾಗೆ 38 ಅಲ್ಲ. ಹುಟ್ಟಿದ್ದು 1933ರ ಫೆಬ್ರುವರಿ 14, ತೀರಿಕೊಂಡದ್ದು 1969ರ ಫೆಬ್ರುವರಿ 23. ಮೂವತ್ತಾರು ತುಂಬಿ ಒಂಬತ್ತೇ ದಿನ.

ಈಗ ಮುಖ್ಯ ತಕರಾರು. ತಲೆಬರಹದಲ್ಲಿ ‘ನಿರ್ಮಾಪಕಿಯವರೆಗೆ’ ಎಂದು ಬರೆದು ನಿರ್ಮಾಪಕಿಗೆ ಕೊಟ್ಟದ್ದು ಒಂದೇ ಒಂದು ಸಾಲು! ಊಟಕ್ಕೆ ಕರೆದು ಎಲೆ ಹಾಕಿ ಉಪ್ಪು ಮಾತ್ರ ಬಡಿಸಿದ ಹಾಗಾಯಿತು. ನಾನಾಗಿದ್ದರೆ ಲೆಕ್ಕದ ಪುಸ್ತಕದಿಂದ ಶುರುಮಾಡುತ್ತಿದ್ದೆ. ಕೆಲಸ ಕಳೆದುಕೊಂಡ ಅಪ್ಪ, ದೊಡ್ಡ ಸಂಸಾರ. ಬಾಂಬೆ ಟಾಕೀಸಿನ ‘ಬಸಂತ್’ (1942) ಚಿತ್ರಕ್ಕೆ ಬೇಬಿ ಮುಮ್ತಾಜ್ ಎಂಬ ಒಂಬತ್ತು ವರ್ಷದ ಹುಡುಗಿಗೆ, ಅಂದರೆ ಮುಂದಿನ ಮಧುಬಾಲಾಗೆ, 150 ರೂಪಾಯಿ. ಅಲ್ಲಿಂದಾಚೆ ಆ ಮನೆಯ ಒಲೆ ಉರಿದದ್ದು ಅವಳ ದುಡಿಮೆಯಲ್ಲಿ. 1947ರಲ್ಲಿ ‘ನೀಲ್ ಕಮಲ್’ ಚಿತ್ರದಲ್ಲಿ ರಾಜ್ ಕಪೂರ್ ಎದುರು ನಾಯಕಿಯಾದಾಗ ವಯಸ್ಸು ಹದಿನಾಲ್ಕು. 1949ರ ‘ಮಹಲ್’ ಬರುವ ಹೊತ್ತಿಗೆ ಹದಿನಾರು. ಸ್ವಂತ ನಿರ್ಮಾಣದ ‘ನಾತಾ’ 1955ರಲ್ಲಿ ಬಂತು, ತಂಗಿ ಚಂಚಲ್ ಕೂಡ ಅದರಲ್ಲಿದ್ದಳು. ಓಡಲಿಲ್ಲ. ಮುಂದೆ ಅವರದೇ ನಿರ್ಮಾಣದ ‘ಮೆಹಲೋಂ ಕೆ ಖ್ವಾಬ್’ ತೆರೆಕಂಡದ್ದು 1960ರಲ್ಲಿ. ಜನ ‘ಮೊಘಲ್-ಎ-ಆಜಮ್’ನಲ್ಲಿ ಅವರ ಅನಾರ್ಕಲಿಯನ್ನು ನೋಡಲು ಮುಗಿಬಿದ್ದದ್ದೂ ಅದೇ ವರ್ಷ. ಅನಾರ್ಕಲಿ ಎಲ್ಲರಿಗೂ ನೆನಪಿದ್ದಾಳೆ, ಸ್ವಂತ ಬ್ಯಾನರಿನ ಸಿನಿಮಾ ಯಾರಿಗೂ ನೆನಪಿಲ್ಲ. ನಿಮ್ಮ ಲೇಖನ ಹುಟ್ಟಬೇಕಾದ್ದು ಈ ಸಂದಿಯಲ್ಲಿ. ಬ್ಯಾನರಿನ ಮೇಲೆ ಹೆಸರು ಬಂದದ್ದು ಬಿಡುಗಡೆಯೋ, ಅಪ್ಪನ ಮನೆಯ ಇನ್ನೊಂದು ನೌಕರಿಯೋ? ಉತ್ತರ ನೀವೇ ಹೇಳಿಬಿಡಬೇಕೆಂದೇನಿಲ್ಲ. ಪ್ರಶ್ನೆಯನ್ನಾದರೂ ಓದುಗರ ಮುಂದಿಡಿ.

ಹೋಲಿಕೆ ಬೇಕೆಂದರೆ ಹಾಲಿವುಡ್ಡಿಗೆ ಹೋಗಬೇಡಿ. ನಮ್ಮ ಕನ್ನಡದ ನಟಿ ಎಂ.ವಿ. ರಾಜಮ್ಮ 1943ರಲ್ಲೇ ‘ರಾಧಾರಮಣ’ ನಿರ್ಮಿಸಿದ್ದರು. ಅವರು ಬಾಲನಟಿಯಾಗಿ ಬಂದವರಲ್ಲ, ಆ ವ್ಯತ್ಯಾಸವೇ ನಿಮಗೆ ಕೆಲಸಕ್ಕೆ ಬರುತ್ತದೆ. ಇವತ್ತಿನ ಕಾನೂನನ್ನೂ ಪಕ್ಕದಲ್ಲಿಟ್ಟು ನೋಡಿ. 2017ರ ಬಾಲಕಾರ್ಮಿಕ ತಿದ್ದುಪಡಿ ನಿಯಮಗಳ ಪ್ರಕಾರ ಮಗುವಿನಿಂದ ದಿನಕ್ಕೆ 5 ಗಂಟೆಗಿಂತ ಹೆಚ್ಚು ನಟನೆ ಮಾಡಿಸುವಂತಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಸಂಪಾದನೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲೇ ಠೇವಣಿಯಾಗಬೇಕು. ಧಾರಾವಾಹಿಗೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತುವ ತಂದೆತಾಯಿಯರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು, ಕೇಳಿ ನೋಡಿ.

ಇನ್ನು ಆರನೇ ಪುಟ. ನಿಮ್ಮ ಅಜ್ಜಿ ಟೆಂಟಿನಲ್ಲಿ ‘ಮೊಘಲ್-ಎ-ಆಜಮ್’ ನೋಡಿ ಬಂದದ್ದು. ಹಿಂದಿ ಒಂದಕ್ಷರ ಬಾರದು. ಮನೆಗೆ ಬಂದು ಕಾಲು ತೊಳೆಯುತ್ತ, “ಪಾಪ, ಆ ಹುಡುಗಿಗೆ ಹೇಳೋರು ಕೇಳೋರು ಯಾರೂ ಇರ್ಲಿಲ್ವಾ?” ಅಂದರಂತೆ. ಇದನ್ನು ಬರೆದು, ಮುಂದಿನ ಸಾಲಿನಲ್ಲೇ ‘ಹೀಗೆ ಹಳ್ಳಿಗರ ಮನವನ್ನೂ ಸೂರೆಗೊಂಡ ಅಪ್ರತಿಮ ಸುಂದರಿ’ ಎಂದು ಅಜ್ಜಿಯನ್ನು ಹೊರಗಟ್ಟಿದ್ದೀರಿ. ಅಯ್ಯೋ ಅನ್ನಿಸಿತು. ಅಜ್ಜಿ ಕೇಳಿದ್ದು ಅನಾರ್ಕಲಿಯ ಬಗ್ಗೆ. ಆದರೆ ಆ ವೇಷ ಹಾಕಿದವಳಿಗೆ ಒಂಬತ್ತನೇ ವಯಸ್ಸಿನಿಂದಲೂ ಹೇಳುವವರೇ ಇದ್ದರು, ಕೇಳುವವರು ಕಡಿಮೆ. ಲೇಖನ ಅಲ್ಲಿಂದಲೇ ಶುರುವಾಗಲಿ, ಕಾಲು ತೊಳೆಯುವ ಚೊಂಬಿನಿಂದ.

ಅಜ್ಜಿಯ ನೆನಪಿನಲ್ಲಿ ಸಿನಿಮಾ ಪೂರ್ತಿ ಬಣ್ಣದ್ದು. ಆಗ ಬಂದದ್ದು ಬಹುಪಾಲು ಕಪ್ಪು ಬಿಳುಪು. ಕನ್ನಡಿ ಮಹಲಿನ ಹಾಡು ಮತ್ತು ಕೊನೆಯ ಕೆಲವು ರೀಲುಗಳಷ್ಟೇ ಬಣ್ಣದವು. ಪೂರ್ತಿ ಬಣ್ಣ ಹಚ್ಚಿ ಬಿಟ್ಟದ್ದು 2004ರಲ್ಲಿ. ಇದನ್ನು ಓದುಗರಿಗೆ ತಿಳಿಸಿ, ಅಜ್ಜಿಯ ನೆನಪನ್ನು ಮಾತ್ರ ತಿದ್ದಬೇಡಿ.

ನಾಲ್ಕು ಪುಟ ಸಾಕು. ತಿಂಗಳೊಳಗೆ ಬಂದರೆ ಫೋಟೊಗೆ ಜಾಗ ಬಿಟ್ಟು ಒಂದು ಇಡೀ ಪುಟ ಕೊಡುತ್ತೇನೆ. ನಮ್ಮ ಗೌರವಧನ 500 ರೂಪಾಯಿ, ಹೆಚ್ಚಿಲ್ಲ. ಅದಕ್ಕೆಂದು ಪತ್ರದ ಕೊನೆಯಲ್ಲಿ ನೀವು ಬರೆದಿರುವ ಬ್ಯಾಂಕ್ ಖಾತೆ ನಿಮ್ಮ ತಂದೆಯವರ ಹೆಸರಿನಲ್ಲಿದೆ. ನಿಮ್ಮದೇ ಖಾತೆಯಿದ್ದರೆ ಅದರ ನಂಬರು ಕಳಿಸಿ.