ಓದುಗರ ಪ್ರಶ್ನೆ: ಮಟನ್ ಕಡಿಮೆ ಮಾಡುವ ಮೊದಲು ಮಡಕಿ ಕಾಳು ನೆನೆಯಲಿ

ಪ್ರಶ್ನೆ: ನಮ್ಮ ಮನೆಯಲ್ಲಿ ವಾರಕ್ಕೆ ಮೂರು ಸಲ ಚಿಕನ್ ಅಥವಾ ಮಟನ್ ಆಗುತ್ತದೆ. ಮಕ್ಕಳಿಗೆ ಎಂಟು ಮತ್ತು ಐದು ವರ್ಷ. ನಿಧಾನವಾಗಿ ಸಾವಯವದ ಕಡೆ, ಹೆಚ್ಚಾಗಿ ಸಸ್ಯಾಹಾರದ ಕಡೆ ಹೋಗಬೇಕೆಂದಿದ್ದೇನೆ. ಎಲ್ಲವನ್ನೂ ಸಾವಯವ ಕೊಂಡರೆ ಕಿರಾಣಿ ಖರ್ಚು ಕೈಮೀರುತ್ತದೆ. ಮನೆಯವರಿಗೋ ಮಸಾಲಿ ಸಾರಿಲ್ಲದೆ ಊಟ ಇಳಿಯುವುದಿಲ್ಲ. ಯಾವುದರಿಂದ ಶುರು ಮಾಡಲಿ?
– ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎರಡು ಬದಲಾವಣೆಗಳನ್ನು ಒಟ್ಟಿಗೆ ಹಿಡಿಯಬೇಡಿ. ಮೊದಲು ಕಾಳು ಹೆಚ್ಚಲಿ, ಆಮೇಲೆ ಮಾಂಸ ಇಳಿಯಲಿ, ಸಾವಯವದ ಖರ್ಚು ಕೊನೆಗೆ ಬರಲಿ. ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು ಒಂದೇ: ಮಟನ್ ತೆಗೆದ ಜಾಗಕ್ಕೆ ಆಲೂಗಡ್ಡೆ ಪಲ್ಯ, ಅನ್ನ, ತಿಳಿಸಾರು ಬರುತ್ತದೆ. ಎರಡು ತಾಸಿಗೆ ಮಕ್ಕಳಿಗೆ ಮತ್ತೆ ಹಸಿವು, ಆಮೇಲೆ ಬೇಕರಿ ಖಾರಿ, ಬಿಸ್ಕಿಟ್. ಹದಿನೈದು ದಿನಕ್ಕೆ ಮನೆಯವರೆಲ್ಲ ‘ಇದು ನಮಗೆ ಆಗಲ್ಲ’ ಎಂದು ಕೈಬಿಡುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ನಿಮ್ಮ ಐದು ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ, ಎಂಟು ವರ್ಷದ ಮಗುವಿಗೆ ಸುಮಾರು 23 ಗ್ರಾಂ ಪ್ರೋಟೀನ್ ಬೇಕು. ದೊಡ್ಡ ಮಗುವಿನ ಲೆಕ್ಕ ನೋಡಿ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ 5 ಗ್ರಾಂ, 30 ಗ್ರಾಂ ಒಣ ಕಾಳು ಅಥವಾ ಬ್ಯಾಳಿಯಲ್ಲಿ 7, ಒಂದು ಲೋಟ ಹಾಲಿನಲ್ಲಿ 6, ಸಣ್ಣ ಬಟ್ಟಲು ಮೊಸರಿನಲ್ಲಿ 3, ಒಂದು ಹಿಡಿ ಹುರಿದ ಶೇಂಗಾದಲ್ಲಿ 4. ಒಟ್ಟು 25 ಆಯಿತು. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ರೊಟ್ಟಿಯ ಜೊತೆ ಕಾಳು ಪಲ್ಯ ಇರಬೇಕೆನ್ನುವುದು ಅದಕ್ಕೇ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು, ಬೇಯಿಸುವ ಮೊದಲಿನ ಒಣ ತೂಕದಲ್ಲಿ, ಎಂದು ನೆನಪಿಟ್ಟುಕೊಂಡರೆ ಸಾಕು.

ಮೊದಲ ತಿಂಗಳು ಮಾಂಸದ ದಿನಗಳನ್ನು ಮುಟ್ಟಬೇಡಿ. ಉಳಿದ ದಿನಗಳಲ್ಲಿ ಮಡಕಿ, ಹೆಸರು, ಅಲಸಂದಿ, ಕಡಲಿ ಸರದಿಯಂತೆ ಬರಲಿ. ಎರಡನೇ ತಿಂಗಳು ಬುಧವಾರದ ಚಿಕನ್ ಬಿಡಿಸಿ, ಅದೇ ಮಸಾಲಿಯಲ್ಲಿ ಮಡಕಿ ಕಾಳಿನ ಸಾರು ಮಾಡಿ. ಮನೆಯವರು ಬಯಸುವುದು ಬಹುಪಾಲು ಆ ಮಸಾಲಿಯನ್ನೇ. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಉರಿಯ ಮೇಲೆ ಇಟ್ಟು ಹೊರಪದರ ಕಪ್ಪಾಗಿ, ಒಳಗೆ ಮೆತ್ತಗಾಗುವ ತನಕ ಸುಡಿ. ಒಣಕೊಬ್ಬರಿಯ ಅರ್ಧ ಹೋಳನ್ನೂ ಅಂಚು ಕಂದಾಗುವಂತೆ ಸುಟ್ಟುಕೊಳ್ಳಿ. ಎಂಟು ಎಸಳು ಬಳ್ಳೊಳ್ಳಿ, ಒಂದು ಇಂಚು ಶುಂಠಿ, ಒಂದು ಚಮಚ ಹುರಿದ ಗಸಗಸೆ, ಮೂರು ಲವಂಗ, ಸಣ್ಣ ಚೂರು ಚಕ್ಕೆ ಸೇರಿಸಿ ನುಣ್ಣಗೆ ರುಬ್ಬಿ. ಒಗ್ಗರಣೆಯಲ್ಲಿ ಎಣ್ಣೆ ಬಿಡುವ ತನಕ ಹುರಿದು, 200 ಗ್ರಾಂ ಕಾಳು ಮೊಳಕೆ ಬರಿಸಿ ಬೇಯಿಸಿದ್ದನ್ನು ಹಾಕಿದರೆ ನಾಲ್ಕು ಜನಕ್ಕೆ ಸಾಕು. ಹಸಿ ಉಳ್ಳಾಗಡ್ಡಿ ಅರೆದು ಹಾಕಿದರೆ ಆ ಘಮ ಬರುವುದೇ ಇಲ್ಲ.

ಮೊಳಕೆಗೆ ಕಾಳು ಎಂಟು ತಾಸು ನೆನೆಯಲಿ. ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ. ಬೇಸಿಗೆಯಲ್ಲಿ 12 ತಾಸು, ಚಳಿಗಾಲದಲ್ಲಿ 24 ತಾಸು ಬೇಕು. ಗಂಟಿನ ತಳದಲ್ಲಿ ನೀರು ನಿಂತರೆ ಕಾಳು ಜಿಗುಟಾಗಿ ಹುಳಿ ವಾಸನೆ ಬರುತ್ತದೆ. ಅದನ್ನು ತೊಳೆದು ಬಳಸಲು ಹೋಗಬೇಡಿ, ಚೆಲ್ಲಿಬಿಡಿ. ಚಿಕ್ಕ ಮಕ್ಕಳಿಗೆ ಹಸಿ ಮೊಳಕೆ ಬೇಡ, ಬೇಯಿಸಿಯೇ ಕೊಡಿ. ಹೊಟ್ಟೆ ಉಬ್ಬರ ಬಂದರೆ ಎರಡು ಚಮಚದಿಂದ ಶುರು ಮಾಡಿ ಎರಡು ವಾರದಲ್ಲಿ ಬಟ್ಟಲಿಗೆ ತನ್ನಿ.

ಮೂರನೇ ತಿಂಗಳಿಗೆ ಮಾಂಸ ಭಾನುವಾರಕ್ಕೆ ಮಾತ್ರ ನಿಲ್ಲಲಿ. ತತ್ತಿ ಬಿಡಿಸಲು ಅವಸರ ಬೇಡ. ವಾರಕ್ಕೆ ಮೂರು ನಾಲ್ಕು ತತ್ತಿ ತಿನ್ನುವ ಮಗುವಿನ ತಾಯಿಗೆ ಅರ್ಧ ಚಿಂತೆ ಕಡಿಮೆ.

ಇನ್ನು ಖರ್ಚು. ನವಲಗುಂದ, ರೋಣದ ಎರೆಹೊಲದ ಹಿಂಗಾರಿ ಜೋಳ ಮಣ್ಣಿನ ಹಸಿಯಲ್ಲೇ ಬೆಳೆಯುತ್ತದೆ. ಅದಕ್ಕೆ ಔಷಧ ಹೊಡೆಯುವುದು ಅಪರೂಪ. ದುಪ್ಪಟ್ಟು ಬೆಲೆ ಕೊಟ್ಟು ಸಾವಯವ ಜೋಳ ಕೊಳ್ಳುವುದು ಮೊದಲ ತುರ್ತಲ್ಲ. ಆ ದುಡ್ಡನ್ನು ಬದನೆ, ಹೂಕೋಸು, ಬೆಂಡೆ, ಸೊಪ್ಪು, ದ್ರಾಕ್ಷಿ, ಮೆಣಸಿನಕಾಯಿಗೆ ಇಡಿ. ಬದನೆಗೆ ಕಾಯಿಕೊರಕ ಹುಳದ ಕಾಟದಿಂದ, ಮೆಣಸಿನಗಿಡಕ್ಕೆ ಥ್ರಿಪ್ಸ್, ನುಸಿಯಿಂದ ಎಲೆ ಮುರುಟುವುದರಿಂದ ಮೇಲಿಂದ ಮೇಲೆ ಸಿಂಪಡಣೆ ಆಗುತ್ತದೆ. ಒಣಮೆಣಸಿನಕಾಯಿ ವರ್ಷಕ್ಕೊಮ್ಮೆ ಕೊಳ್ಳುವ ವಸ್ತು. ನಾಲ್ಕು ಜನರ ಮನೆಗೆ ನಾಲ್ಕೈದು ಕಿಲೋ ಹಿಡಿಯಿರಿ, ಹೆಚ್ಚಿನ ಬೆಲೆಯೂ ವರ್ಷಕ್ಕೆ ಹಂಚಿದರೆ ಭಾರವಲ್ಲ. ಉಳ್ಳಾಗಡ್ಡಿ, ಗಜ್ಜರಿ, ಸೋರೆ, ಹೀರೆ, ನುಗ್ಗೆಯನ್ನು ಸದ್ಯಕ್ಕೆ ಸಂತೆಯಲ್ಲೇ ಕೊಳ್ಳಿ.

ಪ್ರಶ್ನೆ: ಔಷಧ ಹಾಕದ ತೊಗರಿಬ್ಯಾಳಿ, ಇಡೀ ಹೆಸರುಕಾಳು, ಜೋಳ ಒಟ್ಟಿಗೆ ತಂದಿಟ್ಟೆವು. ಎರಡು ತಿಂಗಳಿಗೆ ಹುಳ. ಕಾಳಿಗೆ ಗುಳಿಗೆ ಇಡಿ ಎಂದು ಪಕ್ಕದವರು ಹೇಳುತ್ತಾರೆ.
– ಓದುಗರು, ಗದಗ

ಉತ್ತರ: ಗುಳಿಗೆ ಖಂಡಿತ ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ, ಮಲಗುವ ಮನೆಯಲ್ಲಿಟ್ಟರೆ ಜನ ಸಾಯುತ್ತಾರೆ. ಗೋದಾಮಿನಲ್ಲಿ ತರಬೇತಿ ಪಡೆದವರು ಮಾತ್ರ ಬಳಸಬೇಕಾದ ವಸ್ತು ಅದು.

ಜೋಳವನ್ನು ಎರಡು ದಿನ ಖಡಕ್ ಬಿಸಿಲಿಗೆ ತೆಳ್ಳಗೆ ಹರವಿ. ಕಾಳು ಹಲ್ಲಿಗೆ ಕಟ್ ಎಂದು ಮುರಿಯಬೇಕು. ಮೆತ್ತಗೆ ನಜ್ಜಾದರೆ ಇನ್ನೂ ತೇವವಿದೆ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಬೇಡಿ, ಒಳಗೆ ಬೆವರುತ್ತದೆ. ರಾತ್ರಿ ತಣಿಯಲಿ, ಬೆಳಿಗ್ಗೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಪದರ ಪದರವಾಗಿ ಹಾಕಿ ತುಂಬಿ. ಹಸಿ ಬೇವಿನ ಎಲೆ ಹಾಕಿದರೆ ಬೂಷ್ಟು ಬರುತ್ತದೆ.

ಇಡೀ ಹೆಸರು, ಅಲಸಂದಿಗೆ ಬರುವ ದುಂಬಿ ಬೇರೆ. ಅದು ಕಾಳಿನ ಮೇಲೆಯೇ ಮೊಟ್ಟೆ ಇಡುತ್ತದೆ, ಮರಿ ಒಳಗೆ ತಿಂದು ದುಂಡನೆಯ ತೂತು ಮಾಡಿ ಹೊರಬರುತ್ತದೆ. ಕಿಲೋಗೆ ಒಂದು ಚಮಚ ಔಡಲೆಣ್ಣೆ ಅಥವಾ ಶೇಂಗಾ ಎಣ್ಣೆಯನ್ನು ಅಂಗೈಗೆ ಸವರಿ ಕಾಳನ್ನು ತಿಕ್ಕಿದರೆ ಮೊಟ್ಟೆಗೆ ಗಾಳಿಯಾಡದೆ ಸಾಯುತ್ತದೆ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರಾಯಿತು. ಎರಡು ಮೂರು ಕಿಲೋ ಇದ್ದರೆ ಫ್ರೀಜರಿನಲ್ಲಿ ಒಂದು ವಾರ ಇಟ್ಟು ತೆಗೆಯಿರಿ. ಕಾಳು ಒಡೆದು ಬ್ಯಾಳಿ ಮಾಡಿಸಿದರೆ ಈ ದುಂಬಿಯ ಕಾಟ ಬಹಳ ಕಡಿಮೆ.

ಎಲ್ಲಕ್ಕಿಂತ ಮುಖ್ಯ, ಔಷಧವಿಲ್ಲದ ಕಾಳನ್ನು ವರ್ಷಕ್ಕಾಗುವಷ್ಟು ಕೊಳ್ಳಬೇಡಿ. ಎರಡು ತಿಂಗಳಿಗೆ ಸಾಕು. ಇನ್ನೊಂದು ಮಾತು: ಬಿತ್ತನೆಗೆಂದು ತಂದ, ಕೆಂಪು ಬಣ್ಣ ಬಳಿದ ಬೀಜ ಉಳಿದರೆ ಅದನ್ನು ಎಷ್ಟು ತೊಳೆದರೂ ಅಡಿಗೆಗೆ ಬಳಸಬಾರದು.

ಪ್ರಶ್ನೆ: ಸಂತೆಯಲ್ಲಿ ಎಲ್ಲರೂ ‘ಸಾವಯವ’ ಎನ್ನುತ್ತಾರೆ. ನಂಬುವುದು ಹೇಗೆ?
– ಓದುಗಿ, ಹಾವೇರಿ

ಉತ್ತರ: ಪ್ಯಾಕೆಟ್ ಆದರೆ ‘ಜೈವಿಕ್ ಭಾರತ್’ ಗುರುತು ನೋಡಿ. ಅದರ ಜೊತೆ ‘ಇಂಡಿಯಾ ಆರ್ಗ್ಯಾನಿಕ್’ ಅಥವಾ ‘ಪಿಜಿಎಸ್ ಇಂಡಿಯಾ’ ಗುರುತು ಇರುತ್ತದೆ. ಪಿಜಿಎಸ್‌ನಲ್ಲಿ ರೈತರ ಗುಂಪೇ ಪರಸ್ಪರ ಹೊಲ ನೋಡಿ ಖಾತ್ರಿ ಕೊಡುತ್ತದೆ. ಅದರಲ್ಲಿ ‘ಗ್ರೀನ್’ ಎಂದಿದ್ದರೆ ಹೊಲ ಇನ್ನೂ ಸಾವಯವಕ್ಕೆ ಬದಲಾಗುವ ಹಂತದಲ್ಲಿದೆ, ‘ಆರ್ಗ್ಯಾನಿಕ್’ ಎಂದಿದ್ದರೆ ಆ ಹಂತ ಮುಗಿದಿದೆ.

ಹೊಲದಿಂದ ನೇರ ಮಾರುವ ಸಣ್ಣ ರೈತರಿಗೆ ಕಾನೂನಿನ ಪ್ರಕಾರ ಪ್ರಮಾಣಪತ್ರ ಕಡ್ಡಾಯವಲ್ಲ. ಚೀಟಿ ಇಲ್ಲವೆಂದು ಅವರನ್ನು ಸುಳ್ಳರೆನ್ನಬೇಡಿ, ಪ್ರಶ್ನೆ ಕೇಳಿ. ‘ಸಾವಯವ ಏನ್ರಿ?’ ಎಂದರೆ ‘ಹೌದ್ರಿ’ ಎಂದೇ ಉತ್ತರ ಬರುತ್ತದೆ. ‘ಈ ಸಲ ಎಷ್ಟು ಸಲ ಎಣ್ಣಿ (ಕೀಟನಾಶಕ) ಹೊಡೆದ್ರಿ, ಕೊನೇ ಸಲ ಯಾವಾಗ? ಹುಳ ಬಿದ್ದಾಗ ಏನು ಮಾಡಿದ್ರಿ?’ ಎಂದು ಕೇಳಿ. ಔಷಧ ಬಿಟ್ಟವರು ಬೇವಿನ ಕಷಾಯ, ಹುಳದ ಪತಂಗವನ್ನು ಸೆಳೆದು ಹಿಡಿಯುವ ಮೋಹಕ ಬಲೆ, ಸುತ್ತ ಚೆಂಡುಹೂ ಸಾಲು ಎಂದು ಬಿಡಿಸಿ ಹೇಳುತ್ತಾರೆ. ಬದನೆಯ ಬುಟ್ಟಿಯಲ್ಲಿ ಒಂದೂ ತೂತಿಲ್ಲದೆ ಎಲ್ಲ ಮಿರಿಮಿರಿ ಮಿಂಚುತ್ತಿದ್ದರೆ ಇನ್ನೊಮ್ಮೆ ಕೇಳಿ.

ಬೆಲ್ಲದಲ್ಲಿ ತೀರಾ ಹಳದಿ, ಬಿಳಿಚಿದ್ದು ಬೇಡ. ಬಣ್ಣ ತಿಳಿಯಾಗಲೆಂದು ಆಲೆಮನೆಯಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುವ ರೂಢಿ ಇದೆ.

ಪ್ರಶ್ನೆ: ಹದಿನಾಲ್ಕರ ಮಗಳು ಮಾಂಸ, ತತ್ತಿ ಎರಡನ್ನೂ ಒಮ್ಮೆಲೇ ಬಿಟ್ಟಿದ್ದಾಳೆ. ಸುಸ್ತು ಎನ್ನುತ್ತಾಳೆ.
– ತಾಯಿ, ಸಪ್ತಾಪುರ, ಧಾರವಾಡ

ಉತ್ತರ: ಮೊದಲು ವೈದ್ಯರ ಬಳಿ ಹೋಗಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಊಟದಿಂದಷ್ಟೇ ಬೇಗ ತುಂಬುವುದಿಲ್ಲ, ಮಾತ್ರೆ ಬೇಕಾಗುತ್ತದೆ. ಈ ವಯಸ್ಸಿನ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಸಸ್ಯದ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಕಡಿಮೆ. ಕಾಳು ಪಲ್ಯದ ಮೇಲೆ ಅರ್ಧ ಲಿಂಬಿ ಹಿಂಡಿದರೆ, ಊಟದ ಜೊತೆ ಪೇರಲ ಇದ್ದರೆ ಹೆಚ್ಚು ಹತ್ತುತ್ತದೆ. ಚಹಾ ಇದಕ್ಕೆ ಅಡ್ಡಿ, ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರವಿರಲಿ. ಪಾಲಕವನ್ನೇ ನೆಚ್ಚಿಕೊಳ್ಳಬೇಡಿ, ಅದರ ಕಬ್ಬಿಣ ದೇಹಕ್ಕೆ ಹತ್ತುವುದು ಕಡಿಮೆ. ಅಲಸಂದಿ, ಮಡಕಿ, ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ದಿನವೂ ಇರಲಿ.

ಬಿ12 ಯಾವ ಕಾಳು ಸೊಪ್ಪಿನಲ್ಲೂ ಇಲ್ಲ. ಹಾಲು ಮೊಸರು ಸೇರಿ ದಿನಕ್ಕೆ ಅರ್ಧ ಲೀಟರ್ ಹೊಟ್ಟೆಗೆ ಹೋದರೆ ನಿತ್ಯದ ಅಗತ್ಯ ಹೆಚ್ಚುಕಡಿಮೆ ಮುಟ್ಟುತ್ತದೆ. ಅದನ್ನೂ ಬಿಟ್ಟಳೆಂದರೆ ವೈದ್ಯರು ಹೇಳಿದ ಮಾತ್ರೆ ತಪ್ಪಿಸುವಂತಿಲ್ಲ. ಅವಳ ನಿರ್ಧಾರವನ್ನು ಹೀಯಾಳಿಸಬೇಡಿ, ಈ ಲೆಕ್ಕವನ್ನು ಅವಳ ಮುಂದೆಯೇ ಕೂತು ಮಾಡಿ.

ಪ್ರಶ್ನೆ: ತರಕಾರಿ ಉಪ್ಪುನೀರಲ್ಲಿ ತೊಳೆದರೆ ಔಷಧ ಹೋಗುತ್ತದೆಯೇ?
– ಓದುಗರು, ರಾಣೆಬೆನ್ನೂರು

ಉತ್ತರ: ಮೇಲ್ಮೈ ಮೇಲಿನದು ಸ್ವಲ್ಪ ಹೋಗುತ್ತದೆ, ಗಿಡ ಹೀರಿಕೊಂಡದ್ದು ಹೋಗುವುದಿಲ್ಲ. ಲೀಟರ್ ನೀರಿಗೆ ಎರಡು ಚಮಚ ಅಡಿಗೆ ಸೋಡಾ ಹಾಕಿ 15 ನಿಮಿಷ ನೆನೆಸಿ, ಹರಿಯುವ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಹೆಚ್ಚುವ ಮೊದಲು ತೊಳೆಯಬೇಕು.

ಪ್ರಶ್ನೆ: ಪ್ಯಾಕೆಟ್ಟಿನ ಸಾವಯವ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿದರೆ ಅಂಚು ಸೀಳುತ್ತದೆ.
– ಓದುಗಿ, ಕುಂದಗೋಳ

ಉತ್ತರ: ಹಿಟ್ಟು ಹಳೆಯದು, ಜಿಗಿ ಹೋಗಿದೆ. ಜೋಳ ತಂದು ಗಿರಣಿಯಲ್ಲಿ ಎರಡು ಕಿಲೋ ಮಾತ್ರ ಬೀಸಿಸಿ. ಸಜ್ಜಿ ಹಿಟ್ಟಂತೂ ವಾರ ಕಳೆದರೆ ಕಹಿಯಾಗುತ್ತದೆ. ಈಗ ಉಳಿದ ಹಿಟ್ಟಿಗೆ ಎಸರು ಇಡಿ: ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ನೀರು ತಳಮಳ ಕುದಿಯಬೇಕು. ಅರ್ಧ ಹಿಟ್ಟನ್ನು ಅದಕ್ಕೇ ಸುರಿದು ಕಟ್ಟಿಗೆಯ ಸೌಟಿನಿಂದ ತಿರುವಿ ಎರಡು ನಿಮಿಷ ಮುಚ್ಚಿಡಿ. ಕೈಗೆ ತಾಳುವಷ್ಟು ಬಿಸಿ ಇರುವಾಗ ಉಳಿದ ಹಿಟ್ಟು ಸೇರಿಸಿ ಅಂಗೈ ಬುಡದಿಂದ ನಾದಿ. ಉಂಡೆ ಒತ್ತಿದಾಗ ಅಂಚಿನಲ್ಲಿ ಬಿರುಕು ಕಾಣದಿದ್ದರೆ ಬಡಿಯಬಹುದು. ಬಿರುಕು ಇದ್ದರೆ ಕೈ ಒದ್ದೆ ಮಾಡಿಕೊಂಡು ಇನ್ನೊಂದಿಷ್ಟು ನಾದಿ.